ಎಡಕ್ಕೆ ಮೂರು ಸುತ್ತು

ರೋಬೋಟ್ ಮತ್ತೆ ಎಡಕ್ಕೇ ತಿರುಗಿತು.

ಅದು ಕಂಬವನ್ನು ಬಲಗಡೆಯಿಂದ ಒಮ್ಮೆ ಬಳಸಿ, ತಟ್ಟೆಯಲ್ಲಿದ್ದ ಚೆಂಡನ್ನು ಬುಟ್ಟಿಗೆ ಹಾಕಬೇಕಿತ್ತು. ಮಾಡಿದ್ದೇ ಬೇರೆ. ಎಡಗಡೆಯಿಂದ ಮೂರು ಸುತ್ತು ಬಂತು. ಪ್ರತಿ ಸುತ್ತು ಮುಗಿದಾಗಲೂ ಅರೆಕ್ಷಣ ನಿಂತಿತು. ಕೊನೆಗೆ ತಟ್ಟೆ ಎತ್ತಿ ಚೆಂಡನ್ನು ಹಿಂದಕ್ಕೆ ಕೆಡವಿ, ನೇರವಾಗಿ ಹೊರಟುಹೋಯಿತು.

ಛತ್ರಪತಿ ಸಂಭಾಜಿನಗರದ ಆ ಕಾಲೇಜಿನ ಸಭಾಂಗಣದಲ್ಲಿ ಆಗ ಬೆಳಗಿನ ಹತ್ತು ಗಂಟೆ. ನಾಸಿಕದ ತಂಡದ ಸರದಿ ಮಧ್ಯಾಹ್ನ ಎರಡಕ್ಕೆ. ಮೊದಲ ಮೂವತ್ತು ಸೆಕೆಂಡು ಯಾರೂ ರಿಮೋಟ್ ಮುಟ್ಟುವಂತಿಲ್ಲ, ರೋಬೋಟ್ ತಾನಾಗಿಯೇ ಓಡಬೇಕು. ಹೀಗೇ ಓಡಿದರೆ ಎರಡು ವರ್ಷದ ದುಡಿಮೆ ನೀರುಪಾಲು.

"ಹೋದ ತಿಂಗಳ ಛಂದ ಓಡ್ತಿತ್ತಲ್ಲ. ಈಗ ಏನಾಗ್ಯಾದ ಇದಕ್ಕ?" ಎಂದ ಮಲ್ಲಿನಾಥ. ಬೀದರ ಕಡೆಯವನು, ತಂಡದ ನಾಯಕ.

"ಸೆನ್ಸರ್ ಹಾಳಾಗಿರ್ಬೇಕು ಮಾರಾಯ," ಎಂದಳು ಅಕ್ಷಿತಾ.

ಅವಳು ಸೆನ್ಸರ್ ಬದಲಿಸಿದಳು. ಬ್ಯಾಟರಿ ಬದಲಿಸಿದಳು. ಚಕ್ರ ಬಿಚ್ಚಿ ಮತ್ತೆ ಕೂರಿಸಿದಳು. ಇಡೀ ಪ್ರೋಗ್ರಾಮ್ ಬರೆದವಳೇ ಅವಳು, ಆದರೂ ಬೆಳಗಿನಿಂದ ಲ್ಯಾಪ್‌ಟಾಪ್ ಒಂದನ್ನು ಮಾತ್ರ ತೆರೆದಿರಲಿಲ್ಲ. ಮಲ್ಲಿನಾಥ ಅವಳನ್ನು ಗದರಲಿಲ್ಲ. ಅವಳ ಅಪ್ಪ ಸದಾನಂದ ರಾಯರು ತೀರಿಕೊಂಡು ಹತ್ತೊಂಬತ್ತು ದಿನವಾಗಿತ್ತಷ್ಟೇ.

ರಾಯರೆಂದರೆ ತಂಡದವರಿಗೆಲ್ಲ ಪ್ರಾಣ. ನಾಸಿಕದ ತಮ್ಮ ಹೋಟೆಲನ್ನು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಕ್ಕಳಿಗೆ ಬಿಟ್ಟುಕೊಡುತ್ತಿದ್ದರು. ಊಟದ ಕೋಣೆಯ ನಡುಗಂಬವೇ ಇವರ ಅಭ್ಯಾಸದ ಕಂಬ. ರೋಬೋಟಿನ ಬೆನ್ನಿನ ತಟ್ಟೆ ಕೂಡ ಅವರೇ ಕೊಟ್ಟ ಇಡ್ಲಿ ತಟ್ಟೆ. ರೋಬೋಟಿಗೆ 'ಸಪ್ಲೈಯರ್' ಎಂದು ಹೆಸರಿಟ್ಟು, ಸಪ್ಲೈಯರ್ ಗೆದ್ದರೆ ಊರಿಗೆಲ್ಲ ಮಸಾಲೆ ದೋಸೆ ಎಂದಿದ್ದರು.

ಕೊನೆಗೆ ಲ್ಯಾಪ್‌ಟಾಪ್ ತೆರೆದವನು ಮಲ್ಲಿನಾಥ. ಸ್ವಿಚ್ ಹಾಕಿದಾಗ ಸಪ್ಲೈಯರ್ ಎಲ್ಲಕ್ಕಿಂತ ಹೊಸ ಪ್ರೋಗ್ರಾಮನ್ನೇ ಓಡಿಸುತ್ತದೆ. ಆ ಹೊಸದು ಯಾರಿಗೂ ಗೊತ್ತಿಲ್ಲದ್ದು. ಅದನ್ನು ಉಳಿಸಿದ ದಿನ, ಹೊತ್ತು ಪರದೆಯ ಮೇಲಿತ್ತು. ಹೋದ ತಿಂಗಳ ಕೊನೆಯ ಬುಧವಾರ, ಬೆಳಗಿನ ಹನ್ನೊಂದೂವರೆ.

ರಾಯರ ಅಂತ್ಯಸಂಸ್ಕಾರದ ದಿನ.

ಮಲ್ಲಿನಾಥನಿಗೆ ಮೈಯೆಲ್ಲ ಉರಿಯಿತು. ಅಂದು ಹೋಟೆಲಿನ ಶಟರ್ ಇಳಿದಿತ್ತು, ರೋಬೋಟ್, ಲ್ಯಾಪ್‌ಟಾಪ್ ಒಳಗೇ ಇದ್ದವು. ಮೇಲಿನ ಮಹಡಿಯಲ್ಲಿ ಮನೆಯವರು ಅಳುತ್ತಿದ್ದರು. ಉಳಿದವರಿಗೆಲ್ಲ ಪರೀಕ್ಷೆ. ತಂಡದಿಂದ ಆ ಮನೆಗೆ ಹೋಗಿದ್ದವನು ಒಬ್ಬನೇ. ಪಾಸ್‌ವರ್ಡ್ ಗೊತ್ತಿದ್ದವನು, ಹಿಂಬಾಗಿಲು ಗೊತ್ತಿದ್ದವನು, ಮರುವಾರವೇ ತಂಡ ಬಿಟ್ಟು ಸಂಭಾಜಿನಗರದ ಎದುರಾಳಿ ತಂಡ ಸೇರಿದವನು. ತನ್ಮಯ. ತಂದೆಗೆ ಇಲ್ಲಿಗೆ ವರ್ಗವಾಯಿತು ಎಂದಿದ್ದ. ಆಗ ಎಲ್ಲರೂ ನಂಬಿದ್ದರು.

ಅವನನ್ನು ಕರೆಸಲಾಯಿತು. ತನ್ಮಯ ಮನೆಯಲ್ಲಿ ಮರಾಠಿಯವನು, ಕನ್ನಡ ಕಲಿತದ್ದು ರಾಯರ ಹೋಟೆಲಿನಲ್ಲಿ. ಮಲ್ಲಿನಾಥ ಮಾತಾಡದೆ ರೋಬೋಟನ್ನು ಬಿಟ್ಟು ತೋರಿಸಿದ. ಎಡಕ್ಕೆ ಒಂದು ಸುತ್ತು, ನಿಂತಿತು. ಎರಡು, ನಿಂತಿತು. ಮೂರು. ಚೆಂಡು ಹಿಂದಕ್ಕೆ ಬಿತ್ತು. ತನ್ಮಯನ ಮುಖ ಬಿಳುಚಿತು. ಅವನು ಪರದೆಯ ಮೇಲಿನ ಹೊತ್ತನ್ನು ನೋಡಿದ, ಆಮೇಲೆ ಅಕ್ಷಿತಾಳನ್ನು ನೋಡಿದ.

"ತಟ್ಟಿ ಮ್ಯಾಲ ನೀರಿನ ಕಲೆ ಅದ. ಸ್ಕ್ರೂ ತುಕ್ಕು ಹಿಡದಾವ. ನೀರೂ ಸುರಿದಿಯೇನು, ಬೋರ್ಡ್ ಸುಡ್ಲಿ ಅಂತ?" ಎಂದ ಮಲ್ಲಿನಾಥ.

ಅಕ್ಷಿತಾ ಏನೋ ಹೇಳಲು ಬಾಯಿ ತೆರೆದಳು. ತನ್ಮಯ ಅವಳನ್ನು ಮಾತಾಡಲು ಬಿಡಲಿಲ್ಲ.

"ಹೋ, ಮೀಚ್ ಕೇಲಂ," ಎಂದ. "ನಾನೇ ಮಾಡಿದ್ದು."

ಸತ್ತವರ ಮನೆಗೆ ಹೋಗಿ ಇಂಥ ಕೆಲಸ ಮಾಡಿದೆಯಾ ಎಂದು ಮಲ್ಲಿನಾಥ ಕೇಳಿದ. ದೂರು ಕೊಟ್ಟರೆ ತನ್ನ ಹೊಸ ತಂಡವೆಲ್ಲ ಹೊರಬೀಳುತ್ತದೆ, ತಾನೊಬ್ಬನೇ ಸ್ಪರ್ಧೆಯಿಂದ ಹಿಂದೆ ಸರಿಯುತ್ತೇನೆ ಎಂದ ತನ್ಮಯ. ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಇನ್ನು ಮುಖ ತೋರಿಸಬೇಡ ಎಂದು ಮಲ್ಲಿನಾಥ ಬೆನ್ನು ತಿರುಗಿಸಿದ.

ಪ್ರೋಗ್ರಾಮ್ ಅಳಿಸಲು ಅವನು ಕೈಯಿಟ್ಟಾಗ ಅಕ್ಷಿತಾ ತಡೆದಳು. ಕೊನೆಯ ಸಲ ಒಮ್ಮೆ ಓಡಿಸು, ಸಾಕು, ಎಂದಳು. ಪರೀಕ್ಷಿಸುವುದಕ್ಕಿರಬೇಕು ಎಂದುಕೊಂಡು ಅವನು ಓಡಿಸಿದ. ಮೂರನೆಯ ಸುತ್ತು ಮುಗಿದು ತಟ್ಟೆ ಎದ್ದಾಗ ಅವಳು ಬಾಗಿಲ ಕಡೆ ಹೊರಟಳು. ಚೆಂಡು ಬಿದ್ದ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ.

ಎರಡು ಗಂಟೆಗೆ ಸಪ್ಲೈಯರ್ ಬಲಕ್ಕೆ ತಿರುಗಿ ಚೆಂಡನ್ನು ಬುಟ್ಟಿಗೆ ಹಾಕಿತು. ಮಲ್ಲಿನಾಥ ಕುಣಿದ. ಅಕ್ಷಿತಾ ಹೊರಗೆ ಓಡಿದಳು. ತನ್ಮಯ ಗೇಟಿನ ಬಳಿ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ.

ಯಾಕೆ ಸುಳ್ಳು ಹೇಳಿದೆ, ಈಗಲೇ ಹೋಗಿ ಮಲ್ಲಿನಾಥನಿಗೆ ಎಲ್ಲ ಹೇಳುತ್ತೇನೆ ಎಂದು ಅವಳು ಅತ್ತಳು. ಅವನು ಕೈ ಹಿಡಿದು ಕೂರಿಸಿದ.

"ಇವತ್ತು ಎಲ್ಲರೆದುರು ನೀನು ಅದನ್ನು ಹೇಳಬೇಕಾಗಬಾರದಿತ್ತು. ನಾಳೆ ಹೇಳು," ಎಂದ. "ಆ ಹೊತ್ತಿಗೆ ನಾನು ಸ್ಮಶಾನದಲ್ಲಿದ್ದೆ, ಅಕ್ಷಿತಾ. ಅಂಕಲ್‌ಗೆ ಹೆಗಲು ಕೊಟ್ಟಿದ್ದೆ. ನಿನ್ನ ದೊಡ್ಡಪ್ಪನ ಮಗ ದೀಪಕಣ್ಣ ನೀರಿನ ಮಡಕೆ ಹೊತ್ತು ಚಿತೆಗೆ ಮೂರು ಸುತ್ತು ಬಂದ. ಎಡದಿಂದ. ಸುತ್ತಿಗೊಮ್ಮೆ ನಿಂತ, ಮಡಕೆಗೆ ತೂತು ಮಾಡಿದರು. ಆಮೇಲೆ ಹಿಂದಕ್ಕೆ ಬಿಟ್ಟು ಒಡೆದು, ತಿರುಗಿ ನೋಡದೆ ಬಂದ."

ಮಗಳು ಮಡಕೆ ಹೊರುವಂತಿಲ್ಲ ಎಂದು ದೊಡ್ಡಪ್ಪ ಅವಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಕೆಳಗೆ ಹೋಟೆಲಿನಲ್ಲಿ ಸುತ್ತಲು ನಡುಗಂಬವಿತ್ತು, ತಟ್ಟೆಗೆ ತುಂಬಲು ನೀರಿತ್ತು. ಸಪ್ಲೈಯರ್ ಹೊರುವಂತಿಲ್ಲ ಎಂದು ಯಾರೂ ಹೇಳಿರಲಿಲ್ಲ.