ಸೋತ ತಂಡಕ್ಕೆ ಇಟ್ಟ ಬೊಂಡ

ಕೊಲ್ಲಿ ದೇಶದಲ್ಲಿ ನಾವಿದ್ದ ಖೈತಾನ್ ಪೇಟೆಯ ಅಂಗಡಿಯಲ್ಲಿ ಎಳನೀರು ಕೆತ್ತುವ ಹಸಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಅಪ್ಪ ಶುಐಬಾದ ಗೋದಾಮಿನಲ್ಲಿ ಒಬ್ಬ ಅಮೆರಿಕನ್ ಮ್ಯಾನೇಜರನ ಕೈಕೆಳಗೆ ಕೆಲಸಕ್ಕಿದ್ದರು. ಆ ಮನುಷ್ಯನ ಊರಿನ ಫುಟ್‌ಬಾಲ್ ತಂಡ ಗೆದ್ದ ವಾರ ಮಾತ್ರ ರಜೆಯ ಅರ್ಜಿಗೆ ಸಹಿ ಬೀಳುತ್ತದೆ ಎಂದು ಅಲ್ಲಿ ಎಲ್ಲರೂ ನಂಬಿದ್ದರು. ಆ ವರ್ಷ ತಂಡ ಗೆಲ್ಲಲೇ ಇಲ್ಲ. ಅಪ್ಪ ಊರಿಗೆ ಹೋಗದೆ ಮೂರು ವರ್ಷವಾಗಿತ್ತು. ಮೊಟ್ಟೆಯಂಥ ಚೆಂಡನ್ನು ಅವುಚಿಕೊಂಡು ಓಡುವ ಆ ಆಟ ನಮಗ್ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆದರೂ ನಮ್ಮೂರು ಕಾಪುವಿನಲ್ಲಿದ್ದ ಅಜ್ಜಿ, ಆ ತಂಡ ಒಂದು ಸಲ ಗೆದ್ದರೆ ಮನೆಯ ದೈವಕ್ಕೆ ಎಳನೀರಿನ ಬೊಂಡ ಒಪ್ಪಿಸುತ್ತೇನೆಂದು ಹರಕೆ ಹೇಳಿಕೊಂಡಿದ್ದಳು.

ಊಟವಾದ ಮೇಲೆ ಅಪ್ಪ ಅಜ್ಜಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟರು. ಅವರ ಬೆರಳುಗಳಲ್ಲಿ ಬಂಗುಡೆ ಸಾರಿನ ಅರಿಶಿನ ಇನ್ನೂ ಉಳಿದಿತ್ತು.

“ಕೊನೆಯ ಮ್ಯಾಚೂ ಸೋತ್ರು ಅಮ್ಮ. ಈ ವರ್ಷಕ್ಕೆ ಖಲಾಸ್.”

ಆಚೆಯಿಂದ ಅಂಗಳದ ಕೋಳಿಗಳ ಸದ್ದು ಕೇಳಿಸಿತು.

“ಕೊನೆಯ ಆಟ ಅಲ್ವಾ, ಬೊಂಡ ನಾನು ಬೆಳಿಗ್ಗೆಯೇ ಇಟ್ಟು ಬಂದೆ ಮಗಾ,” ಎಂದಳು ಅಜ್ಜಿ.

“ಸೋತವರಿಗೆ ಯಾಕಮ್ಮ?”

“ಸೋತ್ರೆ ಏನಾಯ್ತು? ಆಟ ಮುಗೀತಲ್ಲ. ಆ ಮಕ್ಕಳಾದ್ರೂ ಈಗ ಅಮ್ಮಂದಿರ ಹತ್ರ ಹೋಗ್ತಾರೆ.”

ಅಪ್ಪ ಸ್ಪೀಕರ್ ಆರಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತರು.