ಗೆದ್ದವರ ಹೆಸರು

ಮದುವೆಯಾದ ಮೂರನೇ ತಿಂಗಳಿಗೆ ಗಂಡ ವಾರುಣಿಯ ಫೋನಿನಿಂದ ಸಿಮ್ ತೆಗೆದ. ಆಫೀಸಿಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕತೊಡಗಿದ. ಫೋನಿನಲ್ಲಿದ್ದುದನ್ನೆಲ್ಲ ಅಳಿಸುತ್ತ ಬಂದವನು ಒಂದು ಕ್ವಿಜ್ ಸೈಟಿನ ಬಳಿ ನಿಂತ.

"ಇದೂ ಸೋಷಿಯಲ್ ಮೀಡಿಯಾನೇ ತಾನೆ?"

"ಅಲ್ಲ ರೀ. ಪ್ರಶ್ನೆ ಕೇಳ್ತಾರೆ, ನಾಲ್ಕರಲ್ಲಿ ಒಂದುತ್ತರ ಒತ್ತೋದು, ಅಷ್ಟೇ."

"ಮೆಸೇಜು, ಫೋಟೋ?"

"ಯಾವುದೂ ಇಲ್ಲ. ನೀವೇ ನೋಡಿ."

ಅವನು ಅರ್ಧ ಗಂಟೆ ತಡಕಾಡಿದ. ಯಾರೊಂದಿಗೂ ಮಾತಾಡಲು ಅದರಲ್ಲಿ ಜಾಗವಿರಲಿಲ್ಲ. ಅದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಪಾಸ್‌ವರ್ಡ್ ಹಾಕಿ, ಮನೆಯ ವೈಫೈಗೆ ಜೋಡಿಸಿ, "ಆಡ್ಕೋ" ಎಂದು ಕೊಟ್ಟ.

ಬೀಗ ಹಾಕಿದ ಮನೆಯಲ್ಲಿ ವಾರುಣಿ ಹಗಲೆಲ್ಲ ಆಡಿದಳು. ನದಿಗಳು, ದೊರೆಗಳು, ಲೋಹಗಳು ಬಾಯಿಪಾಠವಾದವು. ಸೋತ ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಆಟಕ್ಕೆ ಯಾರಾದ್ರೂ ಇಷ್ಟು ಒದ್ದಾಡ್ತಾರಾ?" ಎಂದು ಅವನು ನಗುತ್ತಿದ್ದ.

ಎರಡು ತಿಂಗಳ ಮೇಲೆ, ಒಂದು ಶನಿವಾರ, ಅವಳು ರಾಜ್ಯಕ್ಕೇ ಮೊದಲಿಗಳಾದಳು. ಗೆದ್ದವರ ಹೆಸರು ಸೈಟಿನ ಮುಖಪುಟದಲ್ಲಿ ದೊಡ್ಡದಾಗಿ ಬಂತು.

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಗಂಡ ಬಾಗಿಲು ತೆರೆದಾಗ ಹೊರಗೆ ಇಬ್ಬರು ಮಹಿಳಾ ಪೊಲೀಸರಿದ್ದರು. ಒಬ್ಬರು ಅವನನ್ನು ದಾಟಿ ಒಳಗೆ ಬಂದು ವಾರುಣಿಯನ್ನು ಕೇಳಿದರು:

"ಕ್ವಿಜ್‌ನಲ್ಲಿ 'ಕೂಡಿಹಾಕಿದ್ದಾರೆ ಬಿಡಿಸಿ, ಹದಿನಾರನೇ ಮನೆ, ಆರನೇ ಕ್ರಾಸ್, ಬಸವೇಶ್ವರ ಬಡಾವಣೆ' ಅನ್ನೋ ಹೆಸರಲ್ಲಿ ಗೆದ್ದೋರು ನೀವೇನಮ್ಮಾ?"