ತೂಗುಮಣೆಯ ಪಾಲಿಶ್

ಫರ್ನಿಚರ್ ಅಂಗಡಿಯಲ್ಲಿ ಸ್ಪಿರಿಟ್ ವಾಸನೆ ಬಂದರೆ ಈಗಲೂ ನನಗೆ ಅಗ್ರಹಾರದ ನಮ್ಮ ಮನೆಯ ಹಿತ್ತಿಲು ನೆನಪಾಗುತ್ತದೆ.

ಅಪ್ಪ ಮರದ ಸಾಮಾನಿಗೆ ಪಾಲಿಶ್ ಮಾಡುತ್ತಿದ್ದರು. ಕುಡಿತ ಬಿಡಿಸುವ ಆಸ್ಪತ್ರೆಯಿಂದ ಅವರು ಮನೆಗೆ ಬಂದ ದಿನವೇ ಅಜ್ಜಿ, "ಆ ಕೆಲ್ಸಾನೇ ಬುಟ್ಬುಡೋ, ಅದ್ರಲ್ಲೂ ಹೆಂಡದ್ದೇ ವಾಸ್ನೆ" ಎಂದಿದ್ದರು.

"ನಂಗೆ ಬರೋದು ಇದೊಂದೇ ಕಣವ್ವ" ಎಂದಿದ್ದರು ಅಪ್ಪ.

ಹಾಗಾಗಿ ಸ್ಪಿರಿಟ್ ಬಾಟಲಿ ಅಡುಗೆಮನೆಯಲ್ಲಿ ಅಮ್ಮನ ವಶದಲ್ಲಿರುತ್ತಿತ್ತು. ಅಪ್ಪ ಕೂಗಿದಾಗಲೆಲ್ಲ ಅಮ್ಮ ಬಂದು ಪಾಲಿಶ್ ಬಟ್ಟೆಯ ಮೇಲೆ ಒಂದಿಷ್ಟು ಸುರಿದು, ಬಾಟಲಿ ಹಿಡಿದುಕೊಂಡೇ ಒಳಗೆ ಹೋಗುತ್ತಿದ್ದಳು.

ಆ ಮಧ್ಯಾಹ್ನ ಯಾದವಗಿರಿಯ ಯಾರದೋ ಮನೆಯ ತೂಗುಮಣೆ ಅರ್ಧ ಹೊಳೆಯುತ್ತಿತ್ತು. ಅಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅಪ್ಪನ ಕೈಯಲ್ಲಿದ್ದ ಬಟ್ಟೆ ಒಣಗಿತು. ಬಾಟಲಿ ತಂದುಕೊಡಲೇ ಎಂದು ನಾನು ಕೇಳಿದೆ.

"ಬ್ಯಾಡ ಮಗಾ, ನಿಮ್ಮಮ್ಮ ಬರ್ಲಿ."

ಅಪ್ಪ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತರು. ಪಾಲಿಶ್ ನಡುವೆಯೇ ಒಣಗಿ ಕಲೆಗಟ್ಟಿತು.

ಅಮ್ಮ ಬಂದವಳೇ ಆ ಕಲೆ ನೋಡಿದಳು. ಒಳಗಿಂದ ಬಾಟಲಿ ತಂದು ಅಪ್ಪನ ಪಕ್ಕದಲ್ಲಿಟ್ಟು, "ಇನ್ಮೇಲೆ ನೀವೇ ಹಾಕ್ಕೊಳ್ರೀ" ಎಂದಳು.

ಅಪ್ಪ ಅದನ್ನು ಮುಟ್ಟಲಿಲ್ಲ. ಉಪ್ಪುಕಾಗದ ತೆಗೆದುಕೊಂಡು ಕಲೆಯನ್ನು ಉಜ್ಜತೊಡಗಿದರು.

"ಇನ್ನೂ ಸ್ವಲ್ಪ ದಿನ ನೀನೇ ಹಾಕು" ಎಂದರು.